ತಂತಿಯೊಳಗಿನ ವಿಳಂಬ

ನೈದಿಲೆಯ ನೂರು ಎಸಳುಗಳನ್ನು ಒಂದರ ಮೇಲೊಂದಿಟ್ಟು ಸೂಜಿಯಿಂದ ಚುಚ್ಚಿದರೆ ಎಲ್ಲವೂ ಒಮ್ಮೆಲೇ ತೂತಾದಂತೆ ತೋರುವುದು. ನಿಜವಾಗಿ ಒಂದಾದ ಮೇಲೊಂದು ತೂತಾಗುವುದು. ನಡುವಣ ಕಾಲವು ಅತಿಸೂಕ್ಷ್ಮವಾದುದರಿಂದ ಅರಿವಿಗೆ ನಿಲುಕದು. ತಾರ್ಕಿಕರು ಇದನ್ನು ಉತ್ಪಲಪತ್ರಶತಭೇದ ನ್ಯಾಯವೆಂದು ಕರೆದರು.

1990ರ ದಶಕದಲ್ಲಿ ಮದ್ದೂರಿನ ಕಡೆಯ ಒಂದು ಕಚೇರಿಯಲ್ಲಿ ಈ ನ್ಯಾಯವು ಪ್ರತ್ಯಕ್ಷವಾಯಿತು. ಕಬ್ಬಿನ ಗಾಡಿಗಳು ತೂಕದ ಚೀಟಿಗಾಗಿ ಸಾಲುಗಟ್ಟಿ ನಿಂತಿದ್ದವು. ಕಡಿದ ಕಬ್ಬು ಬಿಸಿಲಿನಲ್ಲಿ ಒಣಗಿದಷ್ಟೂ ತೂಕ ಇಳಿಯುವುದು, ನಷ್ಟವು ಒಕ್ಕಲಿಗನದು. ಗಣಕಗಳೋ, ನಸುಕಿನಲ್ಲಿ ಸರಿಯಾಗಿ ನಡೆದು, ಹತ್ತು ಗಂಟೆಯಾಗುತ್ತಲೇ ತಡವರಿಸುತ್ತಿದ್ದವು. ಗಣಕವನ್ನು ಬದಲಿಸಿದರು, ತಂತಿಯನ್ನು ಬದಲಿಸಿದರು, ಫಲವಿಲ್ಲ.

ಈಥರ್‌ನೆಟ್ ಎಂಬ ಆ ಏರ್ಪಾಡನ್ನು 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಕಲ್ಪಿಸಿದನು. ಭೌತವಿಜ್ಞಾನಿಗಳು ಕೈಬಿಟ್ಟ ಈಥರಿಗೆ ತಂತಿಯೊಳಗೆ ಪುನರ್ಜನ್ಮ ದೊರೆಯಿತೆನ್ನಬೇಕು. ತಂತಿಯೊಂದೇ, ನುಡಿಯುವವರು ಹಲವರು. ಆದಕಾರಣ ನುಡಿಯುವ ಮೊದಲು ಕಿವಿಗೊಡಬೇಕು. ಇಬ್ಬರ ಮಾತು ಡಿಕ್ಕಿಯಾದರೆ ಇಬ್ಬರೂ ನಿಲ್ಲಿಸಿ, ತುಸು ಕಾದು, ಮರಳಿ ಆರಂಭಿಸಬೇಕು. ಆದರೆ ತನ್ನ ಮಾತು ಮುಗಿಯುವುದರೊಳಗೆ ಡಿಕ್ಕಿಯ ಸುದ್ದಿ ಹಿಂದಿರುಗಿದರೆ ತಾನೆ ತಿಳಿಯುವುದು? ಸೆಕೆಂಡಿಗೆ 1 ಕೋಟಿ ಬಿಟ್ಟುಗಳ ಜಾಲದಲ್ಲಿ ಅದಕ್ಕಿರುವ ಗಡುವು 512 ಬಿಟ್ಟುಗಳ ಕಾಲ, ಅಂದರೆ 51.2 ಮೈಕ್ರೊಸೆಕೆಂಡು. ಅಷ್ಟರಲ್ಲಿ ತಂತಿಯ ಸಂಕೇತವು ಮಂಡ್ಯದಿಂದ ಹೊರಟು ಮದ್ದೂರನ್ನೂ ಮುಟ್ಟಲಾರದು. ಇದರಲ್ಲಿ ನಡುವಣ ಪ್ರತಿಯೊಂದು ರಿಪೀಟರೂ ತನ್ನ ಪಾಲನ್ನು ನುಂಗುವುದು. ಎರಡು ಗಣಕಗಳ ನಡುವೆ ನಾಲ್ಕಕ್ಕಿಂತ ಹೆಚ್ಚು ಕೂಡದೆಂಬ ಕಟ್ಟಳೆ ಅದರಿಂದಲೇ ಹುಟ್ಟಿತು. ಕನ್ನಂಬಾಡಿಯಲ್ಲಿ ಬಿಟ್ಟ ನೀರು ಮಳವಳ್ಳಿಯ ಕೊನೆಯ ಗದ್ದೆಯನ್ನು ಮುಟ್ಟುವ ಪರಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ.

ದುರಸ್ತಿಗೆ ಬಂದ ತರುಣನು ಯಾವ ಪೆಟ್ಟಿಗೆಯನ್ನೂ ಬಿಚ್ಚಲಿಲ್ಲ. ಅತಿ ದೂರದ ಎರಡು ಗಣಕಗಳ ನಡುವೆ ತಂತಿಯ ಜಾಡಿನಲ್ಲೇ ನಡೆದು ರಿಪೀಟರುಗಳನ್ನು ಎಣಿಸಿದನು. ಆರು! ಕಟ್ಟಡ ಬೆಳೆದಂತೆಲ್ಲ ಒಂದೊಂದಾಗಿ ಸೇರಿಸುತ್ತ ಬಂದಿದ್ದರು. ಗಡುವು ಕಳೆದ ಮೇಲಿನ ಡಿಕ್ಕಿಯನ್ನು ಗಣಕದ ಜಾಲಫಲಕವು ತಾನಾಗಿ ಸರಿಪಡಿಸದು. ಮೇಲಿನ ತಂತ್ರಾಂಶವು ಬಹಳ ಹೊತ್ತು ಕಾದು ಸಂದೇಶವನ್ನು ಮರಳಿ ಕಳುಹಬೇಕು. ನಸುಕಿನಲ್ಲಿ ನುಡಿಯುವವರು ಕಡಮೆ, ಡಿಕ್ಕಿಯೂ ಕಡಮೆ. ದೋಷವು ಅಡಗಿದ್ದುದು ಹೀಗೆ.

ಅವನು ನಡುವಣ ಒಂದು ರಿಪೀಟರನ್ನು ತೆಗೆದು ಬ್ರಿಡ್ಜ್ ಎಂಬ ಉಪಕರಣವನ್ನಿಟ್ಟನು. ಅದು ಸಂದೇಶವನ್ನು ಪೂರ್ತಿ ಕೇಳಿಕೊಂಡು ಬಳಿಕ ಆಚೆಗೆ ನುಡಿಯುವುದರಿಂದ ಒಂದು ಜಾಲವು ಎರಡಾಗಿ, ಎರಡೂ ಕಡೆ ಗಡುವು ಹೊಸದಾಗಿ ಆರಂಭವಾಗುವುದು. ಮಧ್ಯಾಹ್ನದೊಳಗೆ ಗಾಡಿಗಳು ಕದಲಿದವು.