ಹೆಚ್ಚಿಗೆ ಒಂದು ಹಿಡಿ ಅಕ್ಕಿ

ಬೆಳಗಿನ ಜಾವ ನಾಲ್ಕು ಗಂಟೆ. ಅಂಕೋಲೆಯಿಂದ ಕಾರವಾರದ ಕಡೆ ಹೋಗುವ ಹೆದ್ದಾರಿ ಬಿಟ್ಟು ಎಡಕ್ಕೆ ಇಳಿದು ಬಂದಿದ್ದೀರಿ. ಗದ್ದೆಯ ಕಪ್ಪೆಗಳ ಗಲಾಟೆ ಹಿಂದೆ ಉಳಿಯಿತು. ಈಗ ಮೂಗಿಗೆ ಡೀಸೆಲ್ಲು, ಹಸಿ ಬಲೆ, ಹಳೆಯ ಮೀನಿನ ವಾಸನೆ. ಬೇಲೆಕೇರಿ ದಕ್ಕೆ. ಮಳೆ ನಿಂತು ಹತ್ತು ನಿಮಿಷವೂ ಆಗಿಲ್ಲ, ಕಟ್ಟೆಯ ಅಂಚಿನಿಂದ ಹನಿ ಇನ್ನೂ ತೊಟ್ಟಿಕ್ಕುತ್ತಿದೆ.

ನೂಲ ಹುಣ್ಣಿಮೆ ಕಳೆದು ಮೂರು ದಿನ. ಕಡಲಿಗೆ ಕಾಯಿ ಬಿಟ್ಟು ಪೂಜೆಯಾಗಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಟ್ಟಿಹಾಕಿದ್ದ ಬೋಟುಗಳು ನೀರಿಗಿಳಿದಿವೆ. ಪಡುವಣದಲ್ಲಿ ಹರಿದ ಮೋಡದ ಸಂದಿಯಿಂದ ಚಂದ್ರ ಆಗಾಗ ಇಣುಕುತ್ತಾನೆ. ಆಗ ಕೊಲ್ಲಿ ಉದ್ದಕ್ಕೂ ಬೆಳ್ಳಗಾಗುತ್ತದೆ, ಮತ್ತೆ ಕಪ್ಪಾಗುತ್ತದೆ. ಬೆಳ್ಳಗಾದಾಗಲೆಲ್ಲ ನಿಮ್ಮ ಪಕ್ಕದ ಇಬ್ಬರು ಹೆಂಗಸರು ಕತ್ತು ಎತ್ತುತ್ತಾರೆ.

ಒಬ್ಬಾಕೆಗೆ ಐವತ್ತೈದರ ಆಸುಪಾಸು, ಇನ್ನೊಬ್ಬಳಿಗೆ ಇಪ್ಪತ್ನಾಲ್ಕು. ಖಾಲಿ ಮೀನಿನ ಕ್ರೇಟು ಬೋರಲು ಹಾಕಿ, ಒಂದೇ ತಾಡಪಾಲನ್ನು ಇಬ್ಬರೂ ಹೊದ್ದು ಕೂತಿದ್ದಾರೆ. ನೀವು ನಿಂತೇ ಇರುವುದನ್ನು ನೋಡಿ ದೊಡ್ಡಾಕೆ ಇನ್ನೊಂದು ಕ್ರೇಟನ್ನು ಕಾಲಿನಿಂದ ನಿಮ್ಮತ್ತ ತಳ್ಳುತ್ತಾಳೆ.

"ಕೂತ್ಕಳಿ. ನಿಂತ್ರೆ ಬೋಟೇನು ಬೇಗ ಬರೂದಿಲ್ಲ."

ಆಕೆಯ ಮಗ ನಾಲ್ವರ ಜೊತೆ ನಿನ್ನೆ ಮಧ್ಯಾಹ್ನ ಹೋಗಿದ್ದಾನೆ. ರಾತ್ರಿ ಒಂದರೊಳಗೆ ಬರಬೇಕಿತ್ತು. ಬೆಳದಿಂಗಳಲ್ಲಿ ಮೀನಿಗೆ ಬಲೆ ಕಾಣುತ್ತದೆ, ಹೋಗಿ ಫಲವಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ಎರಡು ತಿಂಗಳು ಕೂತು ಉಂಡ ಸಾಲ ಚಂದ್ರ ಕರಗಲಿ ಎಂದು ಕಾಯುವುದಿಲ್ಲ. ನೀರು ಇಳಿಯುತ್ತಿದೆ. ಇಳಿತಕ್ಕೆ ಸಿಕ್ಕರೆ ಅಳಿವೆ ಬಾಯಲ್ಲಿ ಆಳ ಸಾಲದೆ ಹೊರಗೇ ಲಂಗರು ಹಾಕಿರುತ್ತಾರೆ ಎಂದು ಆಕೆ ಹೇಳುತ್ತಾಳೆ. ಅದನ್ನು ಆಗಿನಿಂದ ಮೂರು ಸಲ ಹೇಳಿದ್ದಾಳೆ.

ಹುಡುಗಿ ಫೋನು ಕಿವಿಗಿಡುತ್ತಾಳೆ. ದಡದಿಂದ ಒಂದಿಷ್ಟು ದೂರ ಹೋದರೆ ಸಿಗ್ನಲ್ ಇಲ್ಲ, ಅದೂ ಗೊತ್ತಿದ್ದದ್ದೇ. ಆದರೂ ಒತ್ತುತ್ತಾಳೆ. ಚಂದಾದಾರರು ವ್ಯಾಪ್ತಿಯ ಹೊರಗಿದ್ದಾರೆ ಎಂದು ಯಾವಳೋ ಹೆಣ್ಣುಮಗಳು ಶುದ್ಧ ಕನ್ನಡದಲ್ಲಿ, ಯಾವ ಗಾಬರಿಯೂ ಇಲ್ಲದೆ ಹೇಳುತ್ತಾಳೆ. ಹುಡುಗಿ ಪೂರ್ತಿ ಕೇಳಿಸಿಕೊಂಡು ಇಡುತ್ತಾಳೆ. ಇಲ್ಲ ಅನ್ನಲಿಲ್ಲವಲ್ಲ, ಹೊರಗಿದ್ದಾರೆ ಅಂದಳು.

ಇವಳು ಈ ಹೊತ್ತಿನಲ್ಲಿ ಇಲ್ಲಿ ಕೂರುವಂತಿಲ್ಲ. ಇನ್ನೂ ಸೊಸೆಯಲ್ಲ. ದೊಡ್ಡಾಕೆ ಅವಳಿಗೆ ಸೋದರತ್ತೆ. ಮಾತು ಮುಗಿದಿದೆ, ಮದುವೆ ಮುಗಿದಿಲ್ಲ. ಎರಡು ಸಲ ಮುಂದಕ್ಕೆ ಹೋಗಿದೆ. ಮೊದಲ ಸಲ ಮೀನು ಕೈಕೊಟ್ಟಿತು. ಎರಡನೇ ಸಲ ಹುಡುಗಿಯ ಅಪ್ಪ ನೆಲದ ಮಾತು ಎತ್ತಿದ. ಅಲಗೇರಿಯ ವಿಮಾನ ನಿಲ್ದಾಣಕ್ಕೆ ಅಲಗೇರಿ, ಭಾವಿಕೇರಿ, ಬೇಲೆಕೇರಿಯ ಜಮೀನು ಹೋಗುವ ಮಾತು. ಪಕ್ಕದ ಕೇಣಿಯಲ್ಲಿ ಹೊಸ ಬಂದರು ಕಟ್ಟಲು 2023ರ ನವೆಂಬರಿನಲ್ಲೇ ಖಾಸಗಿ ಕಂಪನಿಗೆ ಒಪ್ಪಿಸಿಯಾಗಿದೆ, ಮೀನುಗಾರರು ಬೇಡವೆಂದು ಬೀದಿಗಿಳಿದಿದ್ದಾರೆ. 1986ರಲ್ಲಿ ಅರ್ಗಾದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದ ಮೇಲೆ ಕಡಲಂಚಿನ ಹಳ್ಳಿಗಳು ಗಂಟುಮೂಟೆ ಕಟ್ಟಿದ್ದನ್ನು ನೋಡಿ ಬೆಳೆದವನು ಆತ. ನಾಳೆ ದೋಣಿ ಎಳೆಯಲು ದಡ ಉಳಿಯುತ್ತದೋ ಇಲ್ಲವೋ, ಅಕ್ಕನ ಮನೆಯಾದರೇನು, ಹೆಣ್ಣು ಕೊಡುವುದು ಹೇಗೆ ಎನ್ನುತ್ತಾನೆ. ಗೋವೆಯಲ್ಲಿ ಕಂಪನಿ ಕೆಲಸದ ಹುಡುಗನೊಬ್ಬನ ಸಂಬಂಧ ಬಂದಿದೆ. ಚೌತಿಯೊಳಗೆ ಹೂಂ ಅನ್ನು, ಉಹೂಂ ಅನ್ನು ಎಂದಿದ್ದಾನೆ. ಚೌತಿಗೆ ಇನ್ನು ಹದಿನಾರು ದಿನ.

"ನಿನ್ನಪ್ಪ ಹೇಳಿದ್ದು ಸುಳ್ಳಲ್ಲ," ಎನ್ನುತ್ತಾಳೆ ಅತ್ತೆ, ಕಡಲು ನೋಡುತ್ತಲೇ.

"ನಾ ಸುಳ್ಳು ಅಂದ್ನಾ?" ಹುಡುಗಿಯೂ ಕಡಲನ್ನೇ ನೋಡುತ್ತಾಳೆ.

ಚಂದ್ರ ಮತ್ತೆ ಹೊರಬಂದಾಗ ಹಳೆಯ ಬಂದರಿನ ಬಯಲು ಕಾಣುತ್ತದೆ. ಈ ಊರಿಗೆ ಆಸೆ ಒಮ್ಮೆ ಲಾರಿಯಲ್ಲಿ ಬಂದಿತ್ತು. ಬಳ್ಳಾರಿ, ಹೊಸಪೇಟೆ, ಸಂಡೂರಿನ ಅದಿರು ಹೊತ್ತ ಲಾರಿಗಳು ಅರಬೈಲು ಘಟ್ಟ ಇಳಿದು ಹಗಲೂ ರಾತ್ರಿ ಸಾಲುಗಟ್ಟಿ ಬಂದವು. ಗಿಡದೆಲೆಯಿಂದ ಹಿಡಿದು ಒಣಹಾಕಿದ ಬಟ್ಟೆಯವರೆಗೆ ಕೆಂಪು. ಈಕೆಯ ಗಂಡನೂ ಬಲೆ ಮಡಚಿಟ್ಟು ಬಂದರಿನ ಕೂಲಿಗೆ ಹೋದ. 2010ರಲ್ಲಿ ಅಧಿಕಾರಿಗಳು ಇಲ್ಲೇ ಲಕ್ಷಗಟ್ಟಲೆ ಟನ್ ಅದಿರು ಜಪ್ತಿ ಮಾಡಿದರು. ಜಪ್ತಿಯಾದ ರಾಶಿಯಲ್ಲಿ ಬಹುಪಾಲು ಕಾವಲಿದ್ದಂತೆಯೇ ಮಾಯವಾಗಿ ಹಡಗು ಹತ್ತಿತ್ತು. ಬೇಲೆಕೇರಿ ಎಂಬ ಹೆಸರು ದೇಶದ ಪತ್ರಿಕೆಗಳ ಮೊದಲ ಪುಟಕ್ಕೆ ಬಂತು. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಇದೇ ಸಿಟ್ಟಿಗೆ ರಾಜೀನಾಮೆ ಕೊಟ್ಟು, ಆಮೇಲೆ ಹಿಂತೆಗೆದುಕೊಂಡು, 2011ರ ಜುಲೈನಲ್ಲಿ ಗಣಿ ವರದಿ ಒಪ್ಪಿಸಿದರು. ಅಷ್ಟರಲ್ಲಿ ರಫ್ತು ನಿಂತಿತ್ತು. ಲಾರಿಯಲ್ಲಿ ಬಂದ ಆಸೆ ಹಡಗಿನಲ್ಲಿ ಹೋಯಿತು. ಗಂಡ ಅಟ್ಟದಿಂದ ಬಲೆ ಇಳಿಸಿದಾಗ ಇಲಿ ಕಡಿದ ತೂತು ಎಣಿಸಲಾಗಲಿಲ್ಲವಂತೆ.

"ಒಂದು ಮಳೆಗಾಲ ಪೂರ್ತಿ ಹೊಲ್ದೆ," ಎನ್ನುತ್ತಾಳೆ ಆಕೆ. ಅಷ್ಟೇ. ಅದಿರಿನ ಕಥೆಯಲ್ಲಿ ಆಕೆಯ ಪಾಲಿನದು ಆ ಒಂದು ವಾಕ್ಯ.

ಆ ಗಂಡ ಈಗ ಮನೆಯಲ್ಲಿದ್ದಾನೆ. ನಿದ್ದೆ ಮಾಡಿರಲಿಕ್ಕಿಲ್ಲ. ದಕ್ಕೆಗೆ ಯಾಕೆ ಬರಲಿಲ್ಲ ಎಂದು ನೀವು ಕೇಳುವ ಮೊದಲೇ ಆಕೆ ಹೇಳುತ್ತಾಳೆ: "ಅವ್ರಿಗೆ ದರ್ಯಾಕ್ಕೆ ಹೋಗೂಕಾಗ್ತದೆ. ಕಾಯೂಕಾಗೂದಿಲ್ಲ."

ಐದು ಗಂಟೆ. ಇನ್ನೂ ನಾಲ್ಕೈದು ಮಂದಿ ಸೇರಿದ್ದಾರೆ. ಬೀಡಿಯ ಕಿಡಿಗಳು. ಒಬ್ಬ ವಾಕಿಯಲ್ಲಿ ಕೂಗುತ್ತಾನೆ, ಬರೀ ಕರಕರ ಸದ್ದು. ಆಗ ಒಂದು ಬಗೆಯ ಮೌನ ಬೀಳುತ್ತದೆ. ಎಲ್ಲರ ತಲೆಯಲ್ಲೂ ಒಂದೇ ಬೋಟಿನ ಹೆಸರು ಹಾದು ಹೋದದ್ದು ನಿಮಗೂ ಗೊತ್ತಾಗುತ್ತದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಸುವರ್ಣ ತ್ರಿಭುಜ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟದ್ದು, ಎರಡೇ ದಿನಕ್ಕೆ ಸಂಪರ್ಕ ಕಡಿದುಕೊಂಡಿತು. ಉಡುಪಿಯ, ಉತ್ತರ ಕನ್ನಡದ ಏಳು ಮೀನುಗಾರರು ಅದರಲ್ಲಿದ್ದರು. ಯಾರೋ ಅಪಹರಿಸಿರಬಹುದು ಎಂಬ ಮಾತೂ ಹಬ್ಬಿತ್ತು. ಅಪಹರಣವಾಗಿರಲಿ ದೇವರೇ ಎಂದು ಬೇಡಿಕೊಳ್ಳುವ ಸ್ಥಿತಿಯನ್ನು ಯೋಚಿಸಿ: ಸೆರೆಯಲ್ಲಿದ್ದರೆ ಬದುಕಿರುತ್ತಾನೆ ತಾನೇ. 2019ರ ಮೇ ಆರಂಭದಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ಅವಶೇಷ ಪತ್ತೆಯಾಯಿತು. ಪತ್ತೆ ಮಾಡಿದ ನೌಕಾಪಡೆ ಹಡಗಿನ ಹೆಸರು ಐಎನ್‌ಎಸ್ ನಿರೀಕ್ಷಕ್. ನಾಲ್ಕೂವರೆ ತಿಂಗಳ ನಿರೀಕ್ಷೆ ಆ ಹೆಸರಿನ ಹಡಗಿನಲ್ಲೇ ಮುಗಿಯಿತು.

ಏಳು ವರ್ಷ ಸುದ್ದಿಯಿಲ್ಲದವನನ್ನು ತೀರಿಕೊಂಡನೆಂದು ಭಾವಿಸಬಹುದು ಎನ್ನುತ್ತದೆ ಕಾನೂನು. ಹಳೆಯ ಸಾಕ್ಷ್ಯ ಕಾಯ್ದೆಯ 108ನೇ ಕಲಮು ಹೇಳುತ್ತಿದ್ದದ್ದೂ ಅದೇ, 2024ರಲ್ಲಿ ಜಾರಿಗೆ ಬಂದ ಹೊಸದು ಹೇಳುವುದೂ ಅದೇ. ಆ ಏಳು ವರ್ಷ ಹಣೆಯ ಕುಂಕುಮ ಇಡುವುದೋ ಬಿಡುವುದೋ, ಅದಕ್ಕೆ ಕಲಮು ಇಲ್ಲ.

ಕಡಲಿಗೇ ಹೋಗಬೇಕೆಂದಿಲ್ಲ. ಇದೇ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಕೇರಳದ ಲಾರಿಯೊಂದು ಚಾಲಕನ ಸಮೇತ ಗಂಗಾವಳಿಗೆ ಸೇರಿತು. ಮನೆಯವರು ಮೊದಲು ಕೇಳಿದ್ದು, ಮಣ್ಣಿನಡಿ ಉಸಿರಾಡುತ್ತಿರಬಹುದೇ ಎಂದು. ಆಮೇಲೆ, ಲಾರಿ ಸಿಗಬಹುದೇ ಎಂದು. 71ನೇ ದಿನ, ಸೆಪ್ಟೆಂಬರ್ 25ರಂದು, ಗೋವೆಯಿಂದ ತರಿಸಿದ ಡ್ರೆಜ್ಜರಿನ ನೆರವಿನಿಂದ ಲಾರಿ ಮೇಲೆ ಬಂತು, ಅವನೂ ಅದರೊಳಗೇ ಇದ್ದ. ನಂಬಿಕೆ ಅಲ್ಲಿ ಒಂದೇಟಿಗೆ ಮುರಿಯಲಿಲ್ಲ, ಸಣ್ಣದಾಗುತ್ತ ಬಂತು. ಬದುಕಿ ಬರಲಿ ಎಂಬುದು, ಕೈಗಾದರೂ ಸಿಗಲಿ ಎಂಬಲ್ಲಿಗೆ ಇಳಿಯಿತು.

ಹುಡುಗಿ ಒಮ್ಮೆಲೇ ಕೇಳುತ್ತಾಳೆ: "ಅತ್ತೆ, ನಿನಗೆ ಹೆದ್ರಿಕೆ ಆಗೂದಿಲ್ವಾ?"

"ಆಗ್ತದೆ."

"ಮತ್ತೆ?"

ಅತ್ತೆ ಸುಮಾರು ಹೊತ್ತು ಸುಮ್ಮನಿರುತ್ತಾಳೆ. ಆಮೇಲೆ ಹೇಳುವುದು ಬೇರೆಯೇ ಮಾತು. "ರಾತ್ರಿ ಗಂಜಿಗೆ ಅಕ್ಕಿ ಹಾಕುವಾಗ ಹೆಚ್ಚಿಗೆ ಒಂದು ಹಿಡಿ ಹಾಕ್ತೆ. ಬಂದವ್ನು ಹಸಿದು ಬತ್ನಲ್ಲ. ನನ್ನ ಅತ್ತೆಯೂ ಹಾಂಗೇ ಹಾಕ್ತಿತ್ತು. ಬಾರದಿದ್ದ ರಾತ್ರಿ ಬೆಳಿಗ್ಗೆ ನಾವೇ ಉಣ್ಣೂದು. ಹಾಕೂದು ಮಾತ್ರ ಬಿಡಲಿಲ್ಲ."

ನೀವು ಇದನ್ನು ದೊಡ್ಡ ಮಾತು ಮಾಡಿಕೊಳ್ಳಲು ಹೊರಡುತ್ತೀರಿ. ಆಕೆಗೆ ಅದು ದೊಡ್ಡದಲ್ಲ, ಅಡುಗೆಯ ಅಳತೆ. ಎಲ್ಲ ಸರಿಹೋಗುತ್ತದೆ ಎಂದು ಆಕೆ ಈ ರಾತ್ರಿ ಒಮ್ಮೆಯೂ ಅಂದಿಲ್ಲ. ಸರಿಹೋದರೆ ಬೇಕಾಗುವುದನ್ನು ಮಾತ್ರ ಒಲೆಯ ಮೇಲಿಟ್ಟು ಬಂದಿದ್ದಾಳೆ.

ಆರು ಕಳೆಯುತ್ತದೆ. ಮೂಡಣದ ಗುಡ್ಡದ ಬೆನ್ನು ಮೊದಲು ಬೂದು, ಆಮೇಲೆ ಹಸಿರು. ಇಳಿದ ನೀರು ಬಿಟ್ಟ ಕೆಸರಿನಲ್ಲಿ ಏಡಿಗಳು ಓಡಾಡುತ್ತಿವೆ. ಬೆಳ್ಳಕ್ಕಿಯೊಂದು ಹೆಜ್ಜೆ ಎಣಿಸುತ್ತ ನಡೆದಿದೆ. ಬೀಡಿ ಸೇದುತ್ತಿದ್ದವನು ಎದ್ದು ನಿಲ್ಲುತ್ತಾನೆ.

"ಎರಡು."

ನಿಮ್ಮ ಕಣ್ಣಿಗೆ ಏನೂ ಕಾಣದು. ನಿಧಾನಕ್ಕೆ ಕೊಲ್ಲಿಯ ಬಾಯಲ್ಲಿ ಒಂದು ಚುಕ್ಕೆ, ಅದರ ಹಿಂದೆ ಇನ್ನೊಂದು, ನಡುವೆ ಸದಾ ಒಂದೇ ಅಂತರ. ಹಗ್ಗ. ಒಂದು ಬೋಟು ಇನ್ನೊಂದನ್ನು ಎಳೆದು ತರುತ್ತಿದೆ. ಹುಡುಗಿ ಎದ್ದಳು, ತಾಡಪಾಲು ಜಾರಿ ಕೆಸರಿಗೆ ಬಿತ್ತು. ಅತ್ತೆ ಏಳಲಿಲ್ಲ. ಹಣೆಗೆ ಕೈ ಅಡ್ಡವಿಟ್ಟು ಎಣಿಸುತ್ತಿದ್ದಾಳೆ. ಹಿಂದಿನ ಬೋಟಿನಲ್ಲಿ ನಿಂತವರು ಮೂವರು. ನಾಲ್ಕು. ತುಸು ತಡೆದು, ಬಲೆಯ ರಾಶಿಯ ಹಿಂದಿನಿಂದ ಐದನೆಯ ತಲೆ.

ಆಗ ಏಳುತ್ತಾಳೆ. ಏಳುವಾಗ ಮೊಣಕಾಲು ಹಿಡಿದುಕೊಳ್ಳುತ್ತಾಳೆ. ಅಷ್ಟೂ ಹೊತ್ತು ನೋವಿತ್ತೆಂದು ನಿಮಗೆ ತಿಳಿಯುವುದು ಈಗ.

ಫ್ಯಾನಿಗೆ ಬಲೆ ಸುತ್ತಿಕೊಂಡು ಇಂಜಿನ್ ಕೂತಿತ್ತು. ರಾತ್ರಿಯೆಲ್ಲ ಅಲೆಯ ಮೇಲೆ. ಬೆಳಕು ಹರಿಯುವ ಮೊದಲು ಬೇರೊಂದು ಬೋಟು ಕಂಡಿತು. ಸಿಕ್ಕಿದ್ದು ಅರ್ಧ ಬುಟ್ಟಿ ಬಂಗಡೆ, ಹರಿದದ್ದು ಬಲೆಯ ಅರ್ಧ. ಡೀಸೆಲ್ಲಿನ ದುಡ್ಡೂ ಹುಟ್ಟಲಿಲ್ಲ. ಹುಡುಗ ಸೊಂಟದ ನೀರಿಗೆ ಇಳಿದು ದಡಕ್ಕೆ ಬರುತ್ತಾನೆ. ಊರೆಲ್ಲ ನೋಡುತ್ತಿದೆ, ಅವನು ಹುಡುಗಿಯಿಂದ ಎರಡು ಮಾರು ದೂರ ನಿಲ್ಲುತ್ತಾನೆ.

"ಫೋನ್ ಹತ್ತಲಿಲ್ಲ."

"ಗೊತ್ತು."

ಇಬ್ಬರೂ ಆಡಿದ್ದು ಅಷ್ಟೇ. ಚೌತಿಗೆ ಈಗಲೂ ಹದಿನಾರೇ ದಿನ. ಅಪ್ಪನ ಮಾತು ಈಗಲೂ ಸುಳ್ಳಲ್ಲ.

"ಗಂಜಿ ಅದೆ, ನಡೀರಿ," ಎನ್ನುತ್ತಾಳೆ ಅತ್ತೆ. ಹುಡುಗಿ ಹಿಂದೇಟು ಹಾಕುತ್ತಾಳೆ. ಅಂಕೋಲೆ ಪೇಟೆಯ ಅಂಗಡಿಗೆ ಹೋಗುವವಳು, ಬಸ್ಸು ಹಿಡಿಯಬೇಕು. ಅದೂ ಅಲ್ಲದೆ ಆ ಮನೆಯ ಒಲೆಯ ಮುಂದೆ ಕೂರಲು ಇನ್ನೂ ಹಕ್ಕಿಲ್ಲ.

"ನಿಂದೂ ಸೇರ್ಸೇ ಹಾಕಿದ್ದೆ."

ಮನೆಯ ಜಗಲಿಯಲ್ಲಿ ನಿಮಗೂ ಒಂದು ಬಟ್ಟಲು ಬರುತ್ತದೆ. ಕುಚ್ಚಲಕ್ಕಿ ಗಂಜಿ, ಕೆಂಡದಲ್ಲಿ ಸುಟ್ಟ ಒಣ ಬಂಗಡೆ, ಉಪ್ಪಿನಲ್ಲಿಟ್ಟ ಮಾವಿನಕಾಯಿ. ಒಳಗಿನಿಂದ ಗಂಡ ಕೆಮ್ಮುತ್ತಾನೆ, ಮಗನನ್ನು ನೋಡುತ್ತಾನೆ, ಏನೂ ಹೇಳದೆ ಸೂಜಿ ಮತ್ತು ನೈಲಾನ್ ದಾರದ ಉಂಡೆ ತಂದಿಡುತ್ತಾನೆ.

"ಸಂಜೆ ಹೋಗ್ತ್ರಾ?" ಹುಡುಗಿ ಬಟ್ಟಲು ನೋಡುತ್ತ ಕೇಳುತ್ತಾಳೆ.

"ಬಲೆ ಸರಿಯಾದ್ರೆ."

ಬಸ್ಸಿಗೆ ಇನ್ನು ಮುಕ್ಕಾಲು ತಾಸು. ಅವಳು ಬಟ್ಟಲು ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅಂಗಳದಲ್ಲಿ ಹರಡಿದ ಬಲೆಯ ಒಂದು ತುದಿಯನ್ನು ಎಳೆದು ಬಿಗಿಯಾಗಿ ಹಿಡಿಯುತ್ತಾಳೆ. ಇನ್ನೊಂದು ತುದಿಯಲ್ಲಿ ಅವನು ತೂತು ಹುಡುಕತೊಡಗುತ್ತಾನೆ.