ಎರಡು ಕಾಲಿನ ಡ್ರ್ಯಾಗನ್, ತೋಟದ ಓತಿ

1998ರ ಮಾತು. ಪುತ್ತೂರು ಕಡೆಯ ಒಂದು ಹೈಸ್ಕೂಲಿನಲ್ಲಿ ನಾನಾಗ ಹೊಸ ಮೇಷ್ಟ್ರು. ಎಂಟನೇ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷ್ ಕತೆಪುಸ್ತಕ ತಂದಿದ್ದಳು. ರಕ್ಷಾಪುಟದಲ್ಲಿ ರೆಕ್ಕೆ ಬಿಚ್ಚಿದ ಡ್ರ್ಯಾಗನ್. "ಇದಕ್ಕೆ ಎರಡೇ ಕಾಲು ಸಾರ್. ಚಿತ್ರ ಬಿಡಿಸಿದವರಿಗೆ ತಪ್ಪಿದ್ದಾ?"

ತಪ್ಪಿಲ್ಲ ಎಂದೆ. ಬ್ರಿಟನ್ನಿನ ವಂಶಲಾಂಛನಗಳಲ್ಲಿ ನಾಲ್ಕು ಕಾಲಿದ್ದರೆ ಡ್ರ್ಯಾಗನ್, ಎರಡಿದ್ದರೆ ವೈವರ್ನ್. ವೇಲ್ಸ್ ಬಾವುಟದಲ್ಲಿರುವುದು ನಾಲ್ಕು ಕಾಲಿನದು. ನನಗೆ ಮೆಚ್ಚು ವೈವರ್ನೇ. ಹಕ್ಕಿಯಾಗಲಿ ಬಾವಲಿಯಾಗಲಿ ಮುಂಗಾಲನ್ನು ಕೊಟ್ಟೇ ರೆಕ್ಕೆ ಪಡೆದದ್ದು. ನಾಲ್ಕು ಕಾಲೂ ಬೇಕು, ರೆಕ್ಕೆಯೂ ಬೇಕು ಎಂದರೆ ಲೆಕ್ಕ ಆರಾಗುತ್ತದೆ. ನಮ್ಮ ರಾಜ್ಯಲಾಂಛನದ ಗಂಡಭೇರುಂಡಕ್ಕೆ ತಲೆ ಎರಡಾದರೂ ಕಾಲಿನ ಲೆಕ್ಕ ಸರಿಯಿದೆ! ಯುರೋಪಿನವರು ಹಾವಿಗೇ ರೆಕ್ಕೆ ಅಂಟಿಸಿದರು. ನಮ್ಮಲ್ಲಿ ಹಾವಿಗೂ ರೆಕ್ಕೆಗೂ ವೈರ. ಕುಕ್ಕೆಯಲ್ಲಿ ವಾಸುಕಿಯ ವಿಷದುಸಿರು ಭಕ್ತರಿಗೆ ತಾಗದಿರಲೆಂದೇ ಗರುಡಗಂಬ ನಿಂತಿದೆ ಎನ್ನುತ್ತಾರಲ್ಲ.

ಪಾಠ ರಂಗೇರಿತ್ತು. ಆಗ ಹಿಂದಿನ ಬೆಂಚಿನಿಂದ ಕಡಬ ಕಡೆಯ ಹುಡುಗನೊಬ್ಬ ಎದ್ದು ನಿಂತ. "ನಮ್ಮ ತೋಟದಲ್ಲಿ ಹಾರುವ ಓತಿ ಉಂಟು ಸಾರ್. ಅದಕ್ಕೆ ನಾಲ್ಕು ಕಾಲೂ ಉಂಟು, ರೆಕ್ಕೆಯೂ ಉಂಟು."

"'ಕರ್ವಾಲೊ' ಓದಿದ್ದು ಜಾಸ್ತಿಯಾಯಿತಾ? ಕುಳಿತುಕೊ."

ತರಗತಿ ನಕ್ಕಿತು. ಅವನು ಕುಳಿತ.

ಸಂಜೆ ಪುಸ್ತಕ ತೆರೆದರೆ ಅವನದ್ದೇ ಸರಿ. ಓತಿಯ ರೆಕ್ಕೆ ಕಾಲಿನಿಂದ ಆದದ್ದಲ್ಲ, ಪಕ್ಕೆಲುಬಿನಿಂದ. ಉದ್ದವಾಗಿ ಬೆಳೆದ ಐದಾರು ಜೋಡಿ ಪಕ್ಕೆಲುಬುಗಳು ಕೊಡೆಯ ಕಡ್ಡಿಗಳಂತೆ ಬಿಚ್ಚಿ ಚರ್ಮವನ್ನು ಹರಡುತ್ತವೆ. ಲಿನ್ನೇಯಸ್ 1758ರಲ್ಲಿ ಈ ಕುಲಕ್ಕಿಟ್ಟ ಹೆಸರೇ ಡ್ರಾಕೊ, ಎಂದರೆ ಡ್ರ್ಯಾಗನ್. ಮರುದಿನ ಇದನ್ನು ತರಗತಿಯಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಬಿಗುಮಾನ. ಆ ಹುಡುಗ ಮತ್ತೆ ಪ್ರಶ್ನೆಗೆಂದು ಎದ್ದು ನಿಂತದ್ದು ನನಗೆ ನೆನಪಿಲ್ಲ.

2017ರಲ್ಲಿ ಡೇಲಿಂಗ್ ಎಂಬ ಜರ್ಮನ್ ಸಂಶೋಧಕರು ನಮ್ಮ ಪಶ್ಚಿಮ ಘಟ್ಟದ ಈ ಓತಿಯನ್ನೇ ಗಮನಿಸಿ ಬರೆದದ್ದನ್ನು ಓದಿದೆ. ಜಿಗಿದೊಡನೆ ಅದು ಮುಂಗಾಲುಗಳನ್ನು ಹಿಂದಕ್ಕೆ ಚಾಚಿ ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದಂತೆ. ಮರ ಮುಟ್ಟುವ ಮುನ್ನ ಕೈ ಬಿಡುತ್ತದಂತೆ. ಇದನ್ನು ಕಣ್ಣಾರೆ ಕಾಣಬೇಕೆನಿಸಿತು. ಯಾರ ತೋಟಕ್ಕೆ ಹೋಗಬೇಕೆಂಬುದೂ ಗೊತ್ತಿತ್ತು. ಆದರೂ ಹೊರಡಲು ಕೆಲವು ವರ್ಷ ಬೇಕಾಯಿತು.

ಕಳೆದ ವರ್ಷ ಹೋದೆ. ಈಗ ಅವನೇ ತೋಟದ ಯಜಮಾನ. ಬೆಲ್ಲ, ನೀರು ಕೊಟ್ಟ. ಹಳೆಯ ಮಾತು ಎತ್ತಿದರೆ, "ಅದೆಲ್ಲ ಹೋಗಲಿ ಸಾರ್, ಬಿಸಿಲು ಬಂತು, ಬನ್ನಿ" ಎಂದ. ಅಡಿಕೆ ಮರದ ತೊಗಟೆಯ ಬಣ್ಣಕ್ಕೆ ಬೆರೆತು, ಬಾಲ ಸೇರಿ ಗೇಣುದ್ದದ ಜೀವ ಕುಳಿತಿತ್ತು. ಗಂಟಲಿನ ಹಳದಿ ಚರ್ಮವನ್ನು ಎರಡು ಸಲ ಬಿಚ್ಚಿ ಮಡಚಿತು. ಆಮೇಲೆ ತಲೆ ಕೆಳಗಾಗಿ ಜಿಗಿದು ತೇಲಿತು.

"ಕಾಲು ಎಷ್ಟು ಕಂಡಿತು ಸಾರ್?"

"ಎರಡು."

"ಈಗ ಮರಕ್ಕೆ ಕೂತಿತು. ಎಣಿಸಿ ನೋಡಿ."

ಕನ್ನಡಕ ಒರೆಸಿಕೊಂಡು ಎಣಿಸಿದೆ.