ಹೂವು ಬಂದ ಪೆಟ್ಟಿಗೆ

ನಮ್ಮ ಕಡೆ ಮದುವೆಗೆ ಹೂವು ಎಂದರೆ ಹಿಂದೆಲ್ಲ ಸೇವಂತಿಗೆ, ಕನಕಾಂಬರ, ಮಲ್ಲಿಗೆ. ನಮ್ಮ ಕಡೆ ಎಂದರೆ ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ. ಬಾಳೆಲೆಯಲ್ಲಿ ಕಟ್ಟಿಯೋ ಒದ್ದೆ ಗೋಣಿಯಲ್ಲಿ ಸುತ್ತಿಯೋ ಹೂವು ತರುತ್ತಿದ್ದರು. ಮದುವೆ ಮುಗಿದ ಮೇಲೆ ಎಲೆ ದನಕ್ಕೆ, ಬಾಡಿದ ಹೂವು ತಿಪ್ಪೆಗೆ, ಗೋಣಿ ಮತ್ತೆ ಅಟ್ಟಕ್ಕೆ.

ಈಗ ಆರತಕ್ಷತೆಯ ವೇದಿಕೆಗೆ ಜರ್ಬೆರಾ, ಕಾರ್ನೇಷನ್, ಆರ್ಕಿಡ್ ಬೇಕು. ಅಲಂಕಾರದವರು ಬೆಂಗಳೂರಿನಿಂದ ತರುತ್ತಾರೆ. ಒಂದೊಂದು ಜರ್ಬೆರಾಕ್ಕೂ ಪ್ಲಾಸ್ಟಿಕ್ ಟೊಪ್ಪಿಗೆ, ಗುಲಾಬಿ ಮೊಗ್ಗಿಗೆ ಬಲೆಯಂಥ ಫೋಮಿನ ಅಂಗಿ, ಆರ್ಕಿಡ್ಡಿಗೆ ಥರ್ಮಾಕೋಲ್ ಪೆಟ್ಟಿಗೆ. ನಾವು ಹಸುಗೂಸಿಗೂ ಇಷ್ಟು ತೊಡಿಸಿದವರಲ್ಲ!

ಹೋದ ವರ್ಷ ಅಣ್ಣನ ಮಗನ ಮದುವೆಯ ಮಾರನೆ ಬೆಳಿಗ್ಗೆ ಅತ್ತಿಗೆ ಪೊರಕೆ ಹಿಡಿದು ಚಪ್ಪರದಡಿ ನಿಂತಿದ್ದರು. ಎದುರಿಗೆ ಮೊಣಕಾಲುದ್ದದ ಬಿಳಿ ರಾಶಿ. "ಹೂವ ತಂದೋರು ಬುಟ್ಟೋಗವ್ರೆ ಕಣವ್ವ, ಏನ್ ಮಾಡನ ಇದ?" ಎಂದರು. ಗಾಳಿ ಆಗಲೇ ನಾಲ್ಕು ತುಂಡನ್ನು ನಾಲೆಯ ಕಡೆ ಅಟ್ಟಿಸಿಕೊಂಡು ಹೋಗಿತ್ತು. ಅಣ್ಣ ಬೆಂಕಿಪೊಟ್ಟಣ ತಂದ. ಸುಟ್ಟರೆ ಬರುವ ಆ ಕಪ್ಪು ಹೊಗೆ ಬಾಣಂತಿ ಇರುವ ಪಕ್ಕದ ಮನೆಗೇ ಹೋಗುತ್ತದೆ ಎಂದು ಅತ್ತಿಗೆ ಪೊಟ್ಟಣ ಕಸಿದುಕೊಂಡರು. ಗುಜರಿಯವನು ಬಂದ. ರಟ್ಟು ತೂಗಿದ, ಬಾಟಲಿ ಎಣಿಸಿದ, ಥರ್ಮಾಕೋಲ್ ಕಂಡು ನಕ್ಕುಬಿಟ್ಟ. "ಗಾಡಿ ತುಂಬೋಯ್ತದೆ, ತಕ್ಕಡಿ ಅಲ್ಲಾಡಕ್ಕಿಲ್ಲ ಕಣಕ್ಕ."

ಅವನು ಹೇಳಿದ್ದರಲ್ಲೇ ಇಡೀ ವಿಷಯ ಇದೆ. ಥರ್ಮಾಕೋಲಿನಲ್ಲಿ ನೂರಕ್ಕೆ ಸುಮಾರು 98 ಪಾಲು ಬರಿಯ ಗಾಳಿ. ಉಳಿದ ಎರಡು ಪಾಲು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕು, ಅದನ್ನು ಮತ್ತೆ ಕರಗಿಸಬಹುದು. ಯಂತ್ರದಲ್ಲಿ ಒತ್ತಿ ಗಾಳಿ ತೆಗೆದು ಗಟ್ಟಿ ಇಟ್ಟಿಗೆ ಮಾಡುತ್ತಾರೆ. ನಿಮ್ಮ ಮನೆಯ ಗೋಡೆಯ ಮೇಲೆ ಮರದಂತೆ ಕಾಣುವ ಫೋಟೋ ಚೌಕಟ್ಟು ಇದ್ದರೆ, ಅದೂ ಹಿಂದೊಮ್ಮೆ ಇಂಥ ಪೆಟ್ಟಿಗೆಯೇ ಆಗಿದ್ದಿರಬಹುದು. ಆದರೆ ಆ ಯಂತ್ರದವರೆಗೆ ಗಾಳಿ ಹೊತ್ತುಕೊಂಡು ಹೋಗುವವರು ಯಾರು? ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಬಲೆಯಂಥ ಫೋಮು ಬೇರೆ ಜಾತಿಯದು, ಅದನ್ನು ಇದರೊಂದಿಗೆ ಬೆರೆಸಿದರೆ ಇದೂ ಕೆಡುತ್ತದೆ.

ಕಾನೂನು ಇಲ್ಲವೆಂದಲ್ಲ. ಅಲಂಕಾರದ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಿದ್ದಾರೆ. ವೇದಿಕೆಯ ಹಿಂದೆ ವಧೂವರರ ಹೆಸರು ಕತ್ತರಿಸಿ ಅಂಟಿಸುವುದು ಆ ಪಟ್ಟಿಗೆ ಸೇರುತ್ತದೆ, ಹೂವು ಬಂದ ಪೆಟ್ಟಿಗೆ ಸೇರುವುದಿಲ್ಲ.

ಈ ಬಾರಿ ಅಣ್ಣನ ಮಗಳ ಮದುವೆ. ಮುಂಗಡ ಕೊಡುವಾಗಲೇ ಅತ್ತಿಗೆ ಅಲಂಕಾರದವನನ್ನು ಕೂರಿಸಿಕೊಂಡು ಹೇಳಿದರು: "ಬರುವಾಗ ತುಂಬ್ಕೊಂಡ್ ಬರೋ ಗಾಡಿ ಹೋಗುವಾಗ ಖಾಲಿ ತಾನೆ ಹೋಗೋದು? ಪೆಟ್ಟಿಗೆ ಗಾಡಿಗೇರಿದ ಮೇಲೇ ಬಾಕಿ ದುಡ್ಡು." ಆತ ಗೊಣಗಿದ. ಆದರೆ ಒಡೆಯದ ಪೆಟ್ಟಿಗೆಗೆ ಮತ್ತೆ ಹೂವು ತುಂಬಬಹುದು ಎಂಬ ಲೆಕ್ಕ ಅವನಿಗೇ ಮೊದಲು ಹೊಳೆಯಿತು! ಒಡೆದದ್ದನ್ನೂ ಕಟ್ಟಿಸಿ ಅದೇ ಗಾಡಿಗೆ ಏರಿಸಿದೆವು.

ಕಡ್ಡಿ ಚುಚ್ಚುವ ಹಸಿರು ಇಟ್ಟಿಗೆಯದು ಇನ್ನೊಂದು ಕಥೆ. ನೀರು ಕುಡಿಯುವ ಆ ಫೋಮು ಅಮೆರಿಕದಲ್ಲಿ 1954ರಲ್ಲಿ ಬಂದದ್ದು. ಅದು ಕರಗುವ ಜಾತಿಯೇ ಅಲ್ಲ. ಹಿಟ್ಟಿನಂತೆ ಉದುರಿ ನೀರಿಗೆ, ಮಣ್ಣಿಗೆ ಸೇರುತ್ತದೆ. ಲಂಡನ್ನಿನ ಹೆಸರಾಂತ ಚೆಲ್ಸೀ ಹೂಪ್ರದರ್ಶನದಲ್ಲೇ 2021ರಿಂದ ಅದಕ್ಕೆ ಪ್ರವೇಶವಿಲ್ಲ. ಅತ್ತಿಗೆ ಅದನ್ನೆಲ್ಲ ಓದಿದವರಲ್ಲ. ತೋಟದಿಂದ ಬಾಳೆದಿಂಡು ಕಡಿಸಿ ಮೊಳದುದ್ದ ತುಂಡು ಮಾಡಿಸಿ ಮುಂದಿಟ್ಟರು. ಹುಡುಗರು ಮೊದಲು ಮುಖ ಮುಖ ನೋಡಿಕೊಂಡರು. ಮೆತ್ತಗೆ, ತೇವವಾಗಿ, ಕಡ್ಡಿ ನೆಟ್ಟಗೆ ನಿಂತಿತು. ರಾತ್ರಿ ಹತ್ತರವರೆಗೂ ಹೂವು ತಲೆ ಬಗ್ಗಿಸಲಿಲ್ಲ.

ಔಷಧಿ ಹೊಡೆದ ಹೂವಿನ ಜೊತೆಗಿದ್ದದ್ದು ಎಂದು ಆ ದಿಂಡನ್ನು ದನಗಳಿಗೆ ಹಾಕದೆ ತಿಪ್ಪೆಗೆ ಹಾಕಿಸಿದರು. ಜರ್ಬೆರಾ ಟೊಪ್ಪಿಗೆಗಳು ಮಾತ್ರ ಒಂದು ಚೀಲದ ತುಂಬ ಕೊಟ್ಟಿಗೆಯಲ್ಲಿ ಕೂತಿವೆ. ಅವಕ್ಕೆ ಏನು ಮಾಡುವುದೆಂದು ಅತ್ತಿಗೆ ಮೊನ್ನೆಯೂ ಫೋನಿನಲ್ಲಿ ಕೇಳುತ್ತಿದ್ದರು.